ಕನಕಾಂಬರ ಮಲ್ಲಿಗೆ ಆಗಿದ್ದು ಹೇಗೆ?

ಪ್ರಶ್ನೆ: ಮೇಡಂ, ನನಗೆ 20 ವರ್ಷ. ಬಿ.ಕಾಂ. ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಬೆಂಗಳೂರಿನ ಶ್ರೀನಗರದಲ್ಲಿ. ಅಮ್ಮ ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾರೆ, ರಾತ್ರಿ ಮನೆಯಲ್ಲಿ ಕೂತು ಕನಕಾಂಬರ ಕಟ್ಟುತ್ತಾರೆ. ನನಗೆ ನಾಲ್ಕನೇ ವಯಸ್ಸಿನಿಂದ ಉಗ್ಗು ಇದೆ. ಕ, ಪ, ಬ ಅಕ್ಷರ ಪದದ ಶುರುವಿನಲ್ಲಿ ಬಂದರೆ ಬಾಯಿ ಕಟ್ಟಿಹೋಗುತ್ತದೆ. ನನ್ನ ಹೆಸರೂ ‘ಪ’ದಿಂದಲೇ ಶುರು. ಬಸ್ಸಿನಲ್ಲಿ ‘ಬನಶಂಕರಿ’ ಅನ್ನಲಾಗದೆ ಅದರಾಚೆಯ ಸಾರಕ್ಕಿಗೆ ಟಿಕೆಟ್ ತೆಗೆದುಕೊಂಡು ಬನಶಂಕರಿಯಲ್ಲೇ ಇಳಿದುಬಿಡುತ್ತೇನೆ. ಕವನ ಬರೆಯುತ್ತೇನೆ, ನಲವತ್ತು ಆಗಿವೆ. ರಾಜ್ಯೋತ್ಸವಕ್ಕೆ ಕಾಲೇಜಿನಲ್ಲಿ ಕವಿಗೋಷ್ಠಿ ಇದೆ, ಕನ್ನಡ ಮೇಷ್ಟ್ರು ನನ್ನ ಹೆಸರು ಸೇರಿಸಿದ್ದಾರೆ. ಗೆಳೆಯನ ಕೈಲಿ ಓದಿಸಿಬಿಡಲಾ? ಉಗ್ಗು ಪೂರ್ತಿ ಹೋದ ಮೇಲೆ ಸ್ಟೇಜ್ ಹತ್ತಿದರೆ ಒಳ್ಳೆಯದಲ್ಲವಾ? ಇನ್ನೊಂದು, ಹಾಡುವಾಗ ನನಗೆ ಒಂದು ಸಲವೂ ಉಗ್ಗು ಬರುವುದಿಲ್ಲ. ಯಾಕೆ? ಓದಬೇಕಾದ ಕವನದ ಮೂರು ಸಾಲು ಬರೆದಿದ್ದೇನೆ:

ಅಮ್ಮನ ಮಡಿಲಲ್ಲಿ ಮಲ್ಲಿಗೆ ರಾಶಿ,
ಮಾತಿಲ್ಲದೆ ಮಾಲೆಯಾಗುವ ಸಂಜೆ,
ಮನೆಯೆಲ್ಲ ಸುವಾಸನೆ, ನಾನೊಬ್ಬ ಮೌನ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಒಂದು ವಿಷಯ ಕಣ್ಣಿಗೆ ಬಿತ್ತು. ಪತ್ರದಲ್ಲಿ ನಿಮ್ಮಮ್ಮ ಕಟ್ಟುವುದು ಕನಕಾಂಬರ, ಕವನದಲ್ಲಿ ಮಲ್ಲಿಗೆ. ಮೂರೂ ಸಾಲನ್ನು ಪದ ಪದ ಬಿಡಿಸಿ ನೋಡಿದೆ. ಕ, ಪ, ಬ ಅಕ್ಷರದಿಂದ ಶುರುವಾಗುವ ಒಂದು ಪದವೂ ಅಲ್ಲಿಲ್ಲ.

ಇದನ್ನು ನೀವು ಬೇಕೆಂದೇ ಮಾಡಿರಲಾರಿರಿ. ಹದಿನಾರು ವರ್ಷ ಪದ ಬದಲಿಸಿ ಬದಲಿಸಿ ಮಾತಾಡಿದವರಿಗೆ ಅದು ಅಭ್ಯಾಸವಾಗಿ ಕೂತಿರುತ್ತದೆ. ಬರೆಯುವಾಗ ಯಾರೂ ಎದುರಿಗಿಲ್ಲ, ಬಾಯಿ ತೆರೆಯಬೇಕಾಗಿಯೂ ಇಲ್ಲ, ಆದರೂ ಕೈ ತಾನಾಗಿ ಸುಲಭದ ಪದದ ಕಡೆ ತಿರುಗುತ್ತದೆ. ನನಗೆ ಬೇಜಾರಾಗಿದ್ದು ಮೂರನೇ ಸಾಲು ನೋಡಿ. ಕನಕಾಂಬರಕ್ಕೆ ವಾಸನೆಯೇ ಇಲ್ಲವಲ್ಲ! ಮಡಿಲ ತುಂಬ ಕಿತ್ತಳೆ ಬಣ್ಣ, ಮೂಗಿಗೆ ಏನೂ ಇಲ್ಲ, ನಿಮ್ಮ ಮನೆಯ ಸಂಜೆ ಇರುವುದು ಹಾಗೆ. ಹೂವು ಬದಲಾಯಿಸಿದ ಮೇಲೆ ಇಲ್ಲದ ಸುವಾಸನೆಯನ್ನೂ ತಂದು ತುಂಬಬೇಕಾಯಿತು. ಉಗ್ಗು ನಿಮ್ಮ ಬಾಯಿ ಕಟ್ಟಿದ್ದು ಸಾಲದೆ ಪೆನ್ನಿನ ಮೇಲೂ ಕೈಯಿಟ್ಟಿದೆ. ಹಾಗಾಗಿ ಗೋಷ್ಠಿಯ ವಿಷಯಕ್ಕೆ ಮೊದಲೇ ಹೇಳಿಬಿಡುತ್ತೇನೆ: ಗೆಳೆಯನ ಕೈಲಿ ಓದಿಸಬೇಡಿ. ನೀವೇ ಓದಿ, ಉಗ್ಗಿಕೊಂಡೇ ಓದಿ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಸುತ್ತಬೇಕು.

ಮೊದಲು ಉಗ್ಗು ಅಂದರೆ ಏನು, ಏನಲ್ಲ ಅನ್ನುವುದು. ಚಿಕ್ಕಂದಿನಲ್ಲಿ ನಿಮ್ಮ ನಾಲಿಗೆಗೂ ಯಾರಾದರೂ ಬಜೆ ತೇಯ್ದು ಹಚ್ಚಿರಬಹುದು. ನಾಲಿಗೆ ದಪ್ಪ, ನಾಲಿಗೆಯ ಕೆಳಗಿನ ನರ ಕತ್ತರಿಸಬೇಕು, ಹೆದರಿಕೆಗೆ ಹೀಗಾಗಿದೆ, ಯಾರನ್ನೋ ಅಣಕಿಸಿ ಅಂಟಿಕೊಂಡಿತು ಅಂತ ಹೇಳುವವರು ಈಗಲೂ ನನ್ನ ವಾಕ್ ಚಿಕಿತ್ಸೆಯ ಕೋಣೆಗೆ ಬರುತ್ತಾರೆ. ಇದರಲ್ಲಿ ಯಾವುದೂ ಕಾರಣವಲ್ಲ. ಉಗ್ಗು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ, ಮಗು ಸಣ್ಣ ಸಣ್ಣ ವಾಕ್ಯ ಕಟ್ಟುವುದಕ್ಕೆ ಶುರುಮಾಡುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹಾಗೆ ಉಗ್ಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ಉಳಿದವರು, ಅಂದರೆ ದೊಡ್ಡವರಲ್ಲಿ ಸುಮಾರು ನೂರಕ್ಕೆ ಒಬ್ಬರು, ಅದರ ಜೊತೆಗೇ ಬೆಳೆಯುತ್ತಾರೆ. ಅವರಲ್ಲಿ ಗಂಡಸರ ಸಂಖ್ಯೆ ಹೆಂಗಸರ ಸುಮಾರು ನಾಲ್ಕು ಪಟ್ಟು. ಕೋಟಿ ದಾಟಿದ ಈ ಊರಿನಲ್ಲಿ ಲಕ್ಷದ ಆಸುಪಾಸು ಜನ ಅಂತಾಯಿತು. ನಿಮಗೆ ಅವರು ಕಾಣುತ್ತಿಲ್ಲ, ಯಾಕೆಂದರೆ ಅವರೂ ಸಾರಕ್ಕಿಗೆ ಟಿಕೆಟ್ ತೆಗೆದುಕೊಳ್ಳುತ್ತಿದ್ದಾರೆ.

ಅನೇಕ ಮನೆಗಳಲ್ಲಿ ಉಗ್ಗು ವಂಶದಲ್ಲಿ ಹರಿದುಬರುತ್ತದೆ. 2010ರಲ್ಲಿ ಅಮೆರಿಕದ ಸಂಶೋಧಕರು ಪಾಕಿಸ್ತಾನದ ಕುಟುಂಬಗಳ ಅಧ್ಯಯನದಿಂದ ಶುರುಮಾಡಿ ಇದಕ್ಕೆ ಸಂಬಂಧಪಟ್ಟ ಮೂರು ಜೀನ್‌ಗಳನ್ನು ಗುರುತಿಸಿದರು. ಎಲ್ಲರ ಉಗ್ಗಿಗೂ ಅವೇ ಕಾರಣವಲ್ಲ, ಆದರೆ ಇದು ಮನಸ್ಸಿನ ದೌರ್ಬಲ್ಯ ಅನ್ನುವ ಮಾತಿಗೆ ಅದೊಂದು ಗಟ್ಟಿ ಉತ್ತರ. ಮಾತಾಡುವಾಗ ತುಟಿ, ನಾಲಿಗೆ, ಗಂಟಲು, ಉಸಿರು ಎಲ್ಲಕ್ಕೂ ಒಂದೇ ತಾಳದಲ್ಲಿ ‘ಈಗ ನೀನು, ಈಗ ನೀನು’ ಅಂತ ಸನ್ನೆ ಕೊಡುವ ಜಾಲ ಮಿದುಳಿನಲ್ಲಿದೆ. ಉಗ್ಗುವವರಲ್ಲಿ ಆ ಜಾಲದ ಕೆಲಸ ಸ್ವಲ್ಪ ಬೇರೆ ಥರ. ಏನು ಹೇಳಬೇಕು ಅನ್ನುವುದು ನಿಮಗೆ ಪೂರ್ತಿ ಗೊತ್ತಿರುತ್ತದೆ, ಸನ್ನೆ ತಪ್ಪುತ್ತದೆ ಅಷ್ಟೇ. ಹೆದರಿಕೆಯಿಂದ ಉಗ್ಗು ಹುಟ್ಟುವುದಿಲ್ಲ, ಹೆಚ್ಚಾಗುವುದು ಮಾತ್ರ ನಿಜ.

ಹಾಡಿನ ಗುಟ್ಟೂ ಇಲ್ಲೇ ಇದೆ. ಹಾಡಿನಲ್ಲಿ ತಾಳ ಹೊರಗಿನಿಂದ ಸಿಗುತ್ತದೆ, ಯಾವ ಅಕ್ಷರ ಯಾವಾಗ ಬರಬೇಕು ಅನ್ನುವುದನ್ನು ರಾಗವೇ ಮೊದಲು ತೀರ್ಮಾನಿಸಿರುತ್ತದೆ. ಪದವೂ ಮೊದಲೇ ಗೊತ್ತು, ದನಿಯೂ ಎಳೆಯಾಗಿ ಹರಿಯುತ್ತಿರುತ್ತದೆ. ಸ್ಕೂಲಿನ ಪ್ರಾರ್ಥನೆಯಲ್ಲಿ ಇನ್ನೂರು ಮಕ್ಕಳ ಜೊತೆ ನಾಡಗೀತೆ ಹೇಳುವಾಗಲೂ ನೀವು ತಡವರಿಸಿರಲಾರಿರಿ. ಇನ್ನೊಬ್ಬರ ಜೊತೆ ಒಟ್ಟಿಗೆ ಹೇಳುವಾಗ ಹೆಚ್ಚುಕಡಿಮೆ ಎಲ್ಲರ ಉಗ್ಗೂ ಮಾಯವಾಗುತ್ತದೆ, ನಮ್ಮ ಶಾಸ್ತ್ರಕ್ಕೆ ಇದು ಬಹಳ ಹಿಂದಿನಿಂದ ಗೊತ್ತು. ಒಬ್ಬರೇ ಇದ್ದಾಗ, ನಾಯಿಮರಿಯ ಜೊತೆ ಮಾತಾಡುವಾಗಲೂ ಅನೇಕರಿಗೆ ಹಾಗೆಯೇ. ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿದ್ದೀರಾ? ಭಾಮಿನಿ ಷಟ್ಪದಿಯ ಮೂರು ಮಾತ್ರೆ, ನಾಲ್ಕು ಮಾತ್ರೆಯ ನಡಿಗೆಯನ್ನು ಬೆರಳಲ್ಲಿ ಎಣಿಸುತ್ತಾ ರಾಗವಾಗಿ ಓದಿ ನೋಡಿ. ಕ, ಪ, ಬ ಎಲ್ಲವೂ ಬರುತ್ತವೆ. ಬೆಂಗಳೂರಿನಲ್ಲಿ ಗಮಕ ಕಲಿಸುವವರು ಇದ್ದಾರೆ, ಕನ್ನಡ ಕವನ ಬರೆಯುವ ಹುಡುಗನಿಗೆ ಅದು ಉಗ್ಗಿನ ಲೆಕ್ಕ ಬಿಟ್ಟು ಹೇಗಿದ್ದರೂ ಲಾಭವೇ.

ಆದರೆ ಹಾಡಿನ ಸರಾಗ ಮಾತಿಗೆ ಇಳಿದುಬರುವುದಿಲ್ಲ. ರಾಗ ನಿಂತ ಮರುಗಳಿಗೆ ಕಂಡಕ್ಟರ್ ಎದುರಿಗಿರುತ್ತಾರೆ, ‘ಬ’ ಅಲ್ಲೇ ಕೂತಿರುತ್ತದೆ. ‘ಹತ್ತೇ ದಿನದಲ್ಲಿ ಉಗ್ಗು ಮಾಯ, ಗ್ಯಾರಂಟಿ’ ಅನ್ನುವ ಜಾಹೀರಾತುಗಳಲ್ಲಿ ಹೆಚ್ಚಿನವು ಇದೇ ಥರದ ತಾಳ ಹಿಡಿದು ಮಾತಾಡಿಸುವ ಉಪಾಯಗಳು. ಅವರ ಕೋಣೆಯೊಳಗೆ ಕೆಲಸ ಮಾಡುತ್ತವೆ. ನಿಮ್ಮಮ್ಮ ಮೊಳ ಮೊಳ ಮಾರಿ ಕೂಡಿಸಿದ ದುಡ್ಡನ್ನು ಅಲ್ಲಿ ಹಾಕಬೇಡಿ.

ಈಗ ಟಿಕೆಟ್ಟಿನ ವಿಷಯಕ್ಕೆ ಬರುತ್ತೇನೆ, ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಅದು. ಜೋಸೆಫ್ ಶೀಹನ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರಿದ್ದರು, ಸ್ವತಃ ಉಗ್ಗುತ್ತಿದ್ದವರು. ಉಗ್ಗನ್ನು ಅವರು ನೀರಿನಲ್ಲಿ ತೇಲುವ ಮಂಜಿನ ಬಂಡೆಗೆ ಹೋಲಿಸಿದರು. ಜನರ ಕಿವಿಗೆ ಬೀಳುವ ತಡವರಿಕೆ ಮೇಲಿನ ತುದಿ, ನಾಚಿಕೆ, ಭಯ, ತಪ್ಪಿಸಿಕೊಳ್ಳುವಿಕೆ ಎಲ್ಲ ನೀರೊಳಗಿನ ಭಾರ. ಸಾರಕ್ಕಿ ಟಿಕೆಟ್ ತೆಗೆದುಕೊಂಡ ದಿನ ನೀವು ಒಂದು ಸಲವೂ ಉಗ್ಗಲಿಲ್ಲ. ಪಕ್ಕದ ಸೀಟಿನವರ ಕಣ್ಣಿಗೆ ನೀವು ಎಲ್ಲರ ಹಾಗೆ. ಆದರೆ ಮಾರ್ಕೆಟ್ಟಿನಲ್ಲಿ ಬಸ್ ಹತ್ತಿದಾಗಿನಿಂದ ಕಂಡಕ್ಟರ್ ಹತ್ತಿರ ಬರುವ ತನಕ ಏನು ನಡೆಯಿತು? ‘ಹೇಳಲಾ, ಬೇಡವಾ, ಎಷ್ಟು ಸೀಟು ಇದೆ ನನ್ನ ಸರದಿಗೆ’ ಅಂತ ಒಳಗೇ ಲೆಕ್ಕ ಹಾಕಿದ್ದು, ಬೆವರಿದ್ದು, ಕಡೆಗೆ ತಪ್ಪಿಸಿಕೊಂಡೆ ಅಂತ ನಿಟ್ಟುಸಿರು ಬಿಟ್ಟಿದ್ದು. ಆ ನಿಟ್ಟುಸಿರು ಇದೆಯಲ್ಲ, ಅದು ಮುಂದಿನ ಸಲದ ‘ಬ’ವನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ‘ಇದು ನಿಜವಾಗಲೂ ಅಪಾಯ’ ಅಂತ ನಿಮ್ಮ ಮೈಗೆ ನೀವೇ ಕಲಿಸಿದ ಹಾಗಾಯಿತು.

ನಿಮ್ಮ ಹೆಸರು ಎಲ್ಲಕ್ಕಿಂತ ಕಷ್ಟವಾಗುವುದೂ ಇದೇ ಕಾರಣಕ್ಕೆ. ಬೇರೆ ಪದಕ್ಕೆ ಬದಲಿ ಪದ ಇದೆ, ಹೆಸರಿಗೆ ಇಲ್ಲ. ಕೇಳಿದ ತಕ್ಷಣ ಹೇಳಬೇಕು, ತಡವಾದರೆ ‘ಹೆಸರು ಮರೆತೋಯ್ತಾ?’ ಅಂತ ನಗುವವರು ಬೇರೆ. ಉಗ್ಗುವವರಲ್ಲಿ ಬಹಳ ಜನರಿಗೆ ಸ್ವಂತ ಹೆಸರೇ ದೊಡ್ಡ ಪರೀಕ್ಷೆ.

ಈ ಪಾಠವನ್ನು ನಾನು ಪುಸ್ತಕದಿಂದ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಹತ್ತಿರ ಹದಿನೇಳು ವರ್ಷದ ಹುಡುಗ ಬರುತ್ತಿದ್ದ. ಪ್ರತಿ ವಾರ ನೂರು ಪದಕ್ಕೆ ಎಷ್ಟು ಸಲ ತಡವರಿಸಿದ ಅಂತ ಎಣಿಸಿ ಗ್ರಾಫ್ ಹಾಕುತ್ತಿದ್ದೆ. ಗೆರೆ ಇಳಿಯುತ್ತಾ ಹೋಯಿತು, ನನಗೆ ಖುಷಿಯೋ ಖುಷಿ. ನಾಲ್ಕನೇ ತಿಂಗಳು ಅವನ ಅಕ್ಕ ಬಂದು, ‘ಮೇಡಂ, ಇವನು ಮನೆಯಲ್ಲಿ ಮಾತಾಡೋದನ್ನೇ ಬಿಟ್ಟಿದ್ದಾನೆ’ ಅಂದಳು. ಉಗ್ಗಿದರೆ ನನ್ನ ಗ್ರಾಫ್ ಕೆಡುತ್ತದೆ ಅಂತ ಆ ಹುಡುಗ ಬಾಯಿಯನ್ನೇ ಮುಚ್ಚಿಕೊಂಡಿದ್ದ. ಅವನಿಗೆ ನಾನು ಕಲಿಸಿದ್ದು ಇನ್ನೂ ಚೆನ್ನಾಗಿ ಅಡಗಿಕೊಳ್ಳುವುದನ್ನು. ಆ ತಪ್ಪು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆಮೇಲಿನಿಂದ ನಾನು ಮೊದಲು ಕೇಳುವುದು ಎಷ್ಟು ಉಗ್ಗಿದಿರಿ ಅಂತಲ್ಲ, ಹೇಳಬೇಕು ಅಂದುಕೊಂಡಿದ್ದನ್ನು ಹೇಳಿದಿರಾ ಅಂತ.

‘ಪೂರ್ತಿ ಹೋದ ಮೇಲೆ ಸ್ಟೇಜ್ ಹತ್ತುತ್ತೇನೆ’ ಅಂದಿದ್ದೀರಿ. 20ನೇ ವಯಸ್ಸಿನ ತನಕ ಉಳಿದ ಉಗ್ಗು ಪೂರ್ತಿ ಹೋಗುವುದು ಅಪರೂಪ. ಇದನ್ನು ಮುಚ್ಚಿಡುವುದು ನಿಮಗೆ ಮಾಡುವ ಮೋಸವಾಗುತ್ತದೆ. ಅದು ಸಡಿಲವಾಗಬಹುದು, ನೋವು ಕಡಿಮೆಯಾಗಬಹುದು, ದಿನಗಟ್ಟಲೆ ನೆನಪಿಗೇ ಬಾರದಿರಬಹುದು. ಅದೆಲ್ಲ ಆಗುವುದು ಮಾತಾಡುತ್ತಾ ಹೋದಾಗ, ಕಾದು ಕೂತಾಗಲ್ಲ. ಧೈರ್ಯವೂ ಹಾಗೆಯೇ. ಧೈರ್ಯ ಬಂದ ಮೇಲೆ ಓದುತ್ತೇನೆ ಅಂದರೆ ಬರುವುದಿಲ್ಲ. ನಡುಗುತ್ತಲೇ ಎರಡು ಸಲ ಓದಿದ ಮೇಲೆ ಮೂರನೆಯದಕ್ಕೆ ಸ್ವಲ್ಪ ಬರುತ್ತದೆ.

ಸಡಿಲ ಮಾಡುವುದು ಹೇಗೆ? ಕನ್ನಡಿಯ ಮುಂದೆ ನಿಂತು ‘ಮಲ್ಲಿಗೆ’ ಅನ್ನಿ. ‘ಮ’ಕ್ಕೆ ತುಟಿಗಳು ಹೇಗೆ ಸೇರಿದವು, ನೋಡಿ. ಮೆತ್ತಗೆ, ಒಂದರ ಮೇಲೊಂದು ಇಟ್ಟ ಹಾಗೆ. ಈಗ ‘ಬನಶಂಕರಿ’ ಅನ್ನಲು ಹೊರಡಿ, ಆದರೆ ‘ಬ’ದಲ್ಲೇ ನಿಲ್ಲಿ. ತುಟಿಗಳು ಬಿಳಿಚಿಕೊಳ್ಳುವಷ್ಟು ಒತ್ತಿಕೊಂಡಿವೆ, ಗದ್ದ ಬಿಗಿದಿದೆ, ಉಸಿರು ಎದೆಯಲ್ಲಿ ಸಿಕ್ಕಿದೆ ಅಲ್ಲವೇ? ಎರಡೂ ಅಕ್ಷರ ಹುಟ್ಟುವುದು ಅದೇ ಎರಡು ತುಟಿಗಳಲ್ಲಿ, ‘ಮ’ದಲ್ಲಿ ಗಾಳಿ ಮೂಗಿನಿಂದ ಹೋಗುತ್ತದೆ ಅನ್ನುವುದಷ್ಟೇ ವ್ಯತ್ಯಾಸ. ಹಾಗಾಗಿ ‘ಮ’ ಹೇಳುವ ತುಟಿಯಿಂದಲೇ ‘ಬ’ವನ್ನೂ ಹೇಳಬಹುದು. ಆ ಬಿಗಿಯನ್ನು ಬಿಡಿಸಬೇಡಿ, ಮೊದಲು ಅಲ್ಲೇ ಇದ್ದು ಎಲ್ಲಿ ಬಿಗಿದಿದೆ ಅಂತ ಗಮನಿಸಿ. ಆಮೇಲೆ ಒತ್ತಡವನ್ನು ಅರ್ಧಕ್ಕೆ ಇಳಿಸಿ, ಇನ್ನರ್ಧಕ್ಕೆ ಇಳಿಸಿ, ದನಿಯನ್ನು ನಿಧಾನ ಹೊರಗೆ ಬಿಡಿ. ಹಿಂದಕ್ಕೆ ಹೋಗಿ ಪದವನ್ನು ಮತ್ತೆ ಮೊದಲಿಂದ ಶುರುಮಾಡಬೇಡಿ. ಸಿಕ್ಕಿಕೊಂಡ ಜಾಗದಿಂದಲೇ ಮುಂದಕ್ಕೆ ಜಾರಿಕೊಂಡು ಬರುವ ಈ ವಿಧಾನವನ್ನು ರೂಪಿಸಿದವರು ಚಾರ್ಲ್ಸ್ ವ್ಯಾನ್ ರೈಪರ್, ಅವರೂ ಉಗ್ಗುತ್ತಿದ್ದವರೇ. ‘ಕ’ಕ್ಕೆ ಬಿಗಿ ಇರುವುದು ನಾಲಿಗೆಯ ಹಿಂಭಾಗ ಅಂಗುಳಕ್ಕೆ ತಗಲುವ ಕಡೆ. ಅಲ್ಲಿ ಕನ್ನಡಿಯಲ್ಲಿ ಕಾಣುವುದಿಲ್ಲ, ಗದ್ದದ ಕೆಳಗೆ ಬೆರಳಿಟ್ಟರೆ ಗೊತ್ತಾಗುತ್ತದೆ.

ಕನ್ನಡಿಯಿಂದ ಬಸ್ಸಿಗೆ ಹೋಗಿ. ಈ ವಾರ ಒಂದೇ ಒಂದು ದಿನ ‘ಬನಶಂಕರಿ’ಗೆ ಟಿಕೆಟ್ ಕೇಳಿ. ಮುಂದಿನ ವಾರ, ಇದು ವಿಚಿತ್ರ ಅನ್ನಿಸಬಹುದು, ಬೇಕೆಂದೇ ಉಗ್ಗಿ. ‘ಬ... ಬ... ಬನಶಂಕರಿ’ ಅಂತ, ಅವಸರವಿಲ್ಲದೆ, ಕಂಡಕ್ಟರ್ ಮುಖ ನೋಡುತ್ತಾ. ಅಡಗಿಸಿಡಬೇಕಾದ್ದನ್ನು ನೀವಾಗಿ ತೋರಿಸಿದಾಗ ಭಯಕ್ಕೆ ಹಿಡಿತ ತಪ್ಪುತ್ತದೆ. ಕಂಡಕ್ಟರ್‌ಗಳು ದಿನಕ್ಕೆ ನೂರಾರು ಜನರನ್ನು ನೋಡುವವರು, ಹೆಚ್ಚಿನವರು ಟಿಕೆಟ್ ಕೊಟ್ಟು ಮುಂದೆ ಹೋಗುತ್ತಾರೆ. ಒಬ್ಬರು ಗೊಣಗಬಹುದು. ಗೊಣಗಿದರೂ ನೀವು ಇಳಿಯುವ ಸ್ಟಾಪ್ ಬರುತ್ತದೆ.

ಇನ್ನು ಗೋಷ್ಠಿ. ಜೇಮ್ಸ್ ಅರ್ಲ್ ಜೋನ್ಸ್ ಅಂತ ಹಾಲಿವುಡ್ ನಟರಿದ್ದರು, ಸ್ಟಾರ್ ವಾರ್ಸ್‌ನ ಡಾರ್ತ್ ವೇಡರ್‌ನ ಆ ಗಡಸು ಕಂಠ ಅವರದೇ. 2024ರಲ್ಲಿ ತೀರಿಕೊಂಡರು. ಉಗ್ಗಿನಿಂದಾಗಿ ಅವರು ಬಾಲ್ಯದಲ್ಲಿ ಸುಮಾರು ಎಂಟು ವರ್ಷ ಹೆಚ್ಚುಕಡಿಮೆ ಮೂಕರಾಗಿಯೇ ಇದ್ದವರು. ಹೈಸ್ಕೂಲಿನಲ್ಲಿ ಅವರು ಬರೆದ ಒಂದು ಪದ್ಯ ನೋಡಿದ ಮೇಷ್ಟ್ರು, ‘ಇದು ನಿನ್ನದೇ ಆದರೆ ಕ್ಲಾಸಿನ ಮುಂದೆ ನಿಂತು ಹೇಳು’ ಅಂದರಂತೆ. ಹೇಳಿದರು, ಬಾಯಿ ತೆರೆಯಿತು. ಆದರೆ ಉಗ್ಗು ವಾಸಿಯಾಯಿತು ಅಂತ ಅವರು ಹೇಳಿಕೊಂಡಿಲ್ಲ, ಅದನ್ನು ಜೊತೆಗಿಟ್ಟುಕೊಂಡೇ ಕೆಲಸ ಮಾಡುತ್ತೇನೆ ಅನ್ನುತ್ತಿದ್ದರು. ನಮ್ಮಲ್ಲಿ ಹೃತಿಕ್ ರೋಷನ್ ಚಿಕ್ಕಂದಿನ ಉಗ್ಗಿನ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ. ಇವರ ಕಥೆ ಹೇಳಿ ನಿಮ್ಮ ಮೇಲೆ ಭಾರ ಹೊರಿಸುವುದು ನನಗೆ ಇಷ್ಟವಿಲ್ಲ, ನೀವು ಸ್ಟಾರ್ ಆಗಬೇಕಾಗಿಲ್ಲ. ನಾನು ತೋರಿಸಬೇಕೆಂದಿದ್ದು ಆ ಮೇಷ್ಟ್ರನ್ನು. ನಿಮ್ಮ ಕನ್ನಡ ಮೇಷ್ಟ್ರೂ ನಿಮ್ಮ ಉಗ್ಗು ಗೊತ್ತಿದ್ದೇ ಹೆಸರು ಸೇರಿಸಿದ್ದಾರೆ. ಅವರ ಹತ್ತಿರ ಹೋಗಿ ಎರಡು ವಿಷಯ ಹೇಳಿ. ನಿಮ್ಮನ್ನು ಮೊದಲಿಗೋ ಎರಡನೆಯವರಾಗಿಯೋ ಕರೆಯಬೇಕು, ಒಂದು ಗಂಟೆ ಕಾದು ಕೂರುವಂತಾಗಬಾರದು. ನಿರೂಪಣೆ ಮಾಡುವವರು ಸಮಯವಾಯಿತು ಅಂತ ಬೆಲ್ ಹೊಡೆಯಬಾರದು, ನೀವು ನಿಂತಾಗ ಪದ ಎತ್ತಿಕೊಡಲೂಬಾರದು.

ಮೈಕಿನ ಮುಂದೆ ನಿಂತಾಗ ಕವನಕ್ಕೆ ಮೊದಲು ಒಂದೇ ವಾಕ್ಯ ಹೇಳಿಬಿಡಿ: ‘ನನಗೆ ಉಗ್ಗು ಇದೆ, ಕೆಲವು ಕಡೆ ನಿಲ್ಲುತ್ತೇನೆ, ಆಮೇಲೆ ಮುಂದುವರಿಸುತ್ತೇನೆ.’ ಕ್ಷಮೆ ಕೇಳಬೇಡಿ. ಆ ವಾಕ್ಯ ಸಭೆಗೆ ಏನು ಮಾಡಬೇಕು ಅಂತ ಹೇಳಿಕೊಡುತ್ತದೆ. ಉಗ್ಗುವವರ ಎದುರು ಜನ ತಡಬಡಾಯಿಸುವುದು ಬಹಳ ಸಲ ಅವರಿಗೆ ಏನು ಮಾಡಬೇಕೆಂದು ತಿಳಿಯದೆ. ನಿಮಗೂ ಅಡಗಿಸುವ ಕೆಲಸ ಅಲ್ಲಿಗೆ ಮುಗಿಯಿತು. ಹೆಸರಿನಲ್ಲೇ ಸಿಕ್ಕಿಕೊಂಡರೆ ಸಿಕ್ಕಿಕೊಳ್ಳಿ. ಕವನ ಬಾಯಿಪಾಠ ಇದ್ದರೂ ಹಾಳೆ ಕೈಯಲ್ಲಿರಲಿ, ದೊಡ್ಡ ಅಕ್ಷರದಲ್ಲಿ. ಅದಕ್ಕೂ ಮೊದಲು ಒಬ್ಬ ಗೆಳೆಯನ ಎದುರು ಓದಿ, ಆಮೇಲೆ ಮೂವರ ಎದುರು ಮಹಡಿಯ ಮೇಲೆ, ಆಮೇಲೆ ಖಾಲಿ ಸಭಾಂಗಣದಲ್ಲಿ ಮೈಕ್ ಹಾಕಿಸಿಕೊಂಡು. ಮೈಕಿನಲ್ಲಿ ನಿಮ್ಮದೇ ದನಿ ತಿರುಗಿ ಬಂದು ಕಿವಿಗೆ ಬಿದ್ದಾಗ ಗಾಬರಿಯಾಗುತ್ತದೆ, ಆ ಗಾಬರಿ ಗೋಷ್ಠಿಯ ದಿನವೇ ಮೊದಲ ಸಲ ಆಗುವುದು ಬೇಡ.

ಬರೆಯುವುದರಲ್ಲೂ ಒಂದು ಕೆಲಸವಿದೆ. ನಲವತ್ತೂ ಕವನಗಳನ್ನು ತೆಗೆದು, ಎಲ್ಲೆಲ್ಲಿ ಬೇರೆ ಪದ ಬರಬೇಕಿತ್ತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬದಲಿ ಪದ ಹುಡುಕಿ ಹುಡುಕಿ ನಿಮಗೆ ಇಷ್ಟು ಪದಸಂಪತ್ತು ಸಿಕ್ಕಿದೆ, ಅದು ಸುಳ್ಳಲ್ಲ, ನಿಮ್ಮ ವಯಸ್ಸಿನ ಬೇರೆಯವರಿಗೆ ಇಷ್ಟು ಇರುವುದಿಲ್ಲ. ಅದನ್ನು ಇಟ್ಟುಕೊಳ್ಳಿ. ಆದರೆ ಪದವನ್ನು ಆರಿಸುವುದು ಕವನಕ್ಕೆ ಬೇಕು ಅಂತಲೇ ಆಗಬೇಕು.

ಒಬ್ಬರೇ ಇದೆಲ್ಲ ಮಾಡಬೇಕಾಗಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕ್ಷೇತ್ರದಲ್ಲಿ ದೇಶದ ಮುಖ್ಯ ಸಂಸ್ಥೆ. ಚಿಕಿತ್ಸಕರ ಹತ್ತಿರ ಹೋದಾಗ ‘ನನಗೆ ಸರಾಗ ಮಾತಿಗಿಂತ ತಪ್ಪಿಸಿಕೊಳ್ಳದೆ ಮಾತಾಡುವುದು ಬೇಕು’ ಅಂತ ಮೊದಲೇ ಹೇಳಿ. ಅದಕ್ಕಿಂತ ಬೇಗ ಧೈರ್ಯ ಕೊಡುವುದು ನಿಮ್ಮಂತೆಯೇ ಉಗ್ಗುವ ಇನ್ನೊಬ್ಬರ ಜೊತೆ ಕೂರುವುದು. ದಿ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್‌ನ ಸ್ವಸಹಾಯ ಗುಂಪುಗಳು ನಡೆಯುವುದೇ ಉಗ್ಗುವವರಿಂದ. ಒಂದು ಕೋಣೆಯಲ್ಲಿ ಹತ್ತು ಜನ ನಿಧಾನವಾಗಿ ತಂತಮ್ಮ ಹೆಸರು ಹೇಳುವುದನ್ನು, ಯಾರೂ ಗಡಿಯಾರ ನೋಡದಿರುವುದನ್ನು ಒಮ್ಮೆ ಕಂಡು ಬನ್ನಿ. ಅಕ್ಟೋಬರ್ 22 ಅಂತರರಾಷ್ಟ್ರೀಯ ಉಗ್ಗು ಅರಿವಿನ ದಿನ, 1998ರಿಂದ ಆಚರಿಸುತ್ತಿದ್ದಾರೆ. ಕ್ಲಾಸಿನವರಿಗೆ ವಿಷಯ ಹೇಳುವುದಕ್ಕೆ ನೆಪ ಬೇಕಿದ್ದರೆ ಅದು ಸಾಕು, ರಾಜ್ಯೋತ್ಸವಕ್ಕೆ ಹತ್ತು ದಿನ ಮೊದಲೇ ಬರುತ್ತದೆ.

ನಿಮ್ಮಮ್ಮನ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಮನೆಯಲ್ಲಿ ಉಗ್ಗಿನ ವಿಷಯ ಮಾತಾಡುವುದೇ ಇಲ್ಲವೇನೋ ಅನ್ನಿಸಿತು. ಅನೇಕ ತಾಯಂದಿರು ‘ನಾನೇನೋ ತಪ್ಪು ಮಾಡಿದೆ’ ಅಂತ ಒಳಗೇ ಕೊರಗುತ್ತಿರುತ್ತಾರೆ, ಮಗನಿಗೆ ನೋವಾಗುತ್ತದೆ ಅಂತ ಬಾಯಿಬಿಡುವುದಿಲ್ಲ. ಅವರು ತಪ್ಪು ಮಾಡಿಲ್ಲ ಅಂತ ನೀವೇ ಹೇಳಿ. ನಿಮ್ಮ ಮಾತನ್ನು ಅವರು ಪ್ರೀತಿಯಿಂದ ಮುಗಿಸಿಕೊಡುತ್ತಿದ್ದರೆ, ‘ನಾನೇ ಹೇಳ್ತೀನಿ ಇರಮ್ಮ’ ಅನ್ನಿ.

ಮೂರನೇ ಸಾಲನ್ನು ಹೇಗೆ ತಿದ್ದಬೇಕು ಅಂತ ನಾನು ಹೇಳುವುದಿಲ್ಲ, ಕವಿ ನೀವು. ಮೊದಲ ಸಾಲಿನಲ್ಲಿ ಮಾತ್ರ ಮಲ್ಲಿಗೆ ಹೊಡೆದುಹಾಕಿ ಕನಕಾಂಬರ ಅಂತ ಬರೆಯಿರಿ. ರಾಜ್ಯೋತ್ಸವದ ದಿನ ಹೂವಿನ ವ್ಯಾಪಾರ ಜೋರಿರುತ್ತದೆ, ಅಮ್ಮ ಕಾಲೇಜಿಗೆ ಬರಲಾಗದೆ ಇರಬಹುದು. ಹಿಂದಿನ ರಾತ್ರಿ ಅವರು ಹೂ ಕಟ್ಟುತ್ತಾ ಕೂತಿರುವಾಗ ಎದುರಿಗೆ ಕೂತು ಓದಿ ತೋರಿಸಿ. ‘ಕ’ದಲ್ಲಿ ನಿಂತರೆ ಅವರ ಕೈ ನೋಡುತ್ತಾ ನಿಲ್ಲಿ, ನಾಲಿಗೆ ಸಡಿಲವಾದಾಗ ಹೂವಿನ ಹೆಸರು ಹೇಳಿ.